ಶನಿವಾರಕ್ಕೆ ಬಂದ ಕೊಂಬು

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಹಣ್ಣಿನ ಪೆಟ್ಟಿಗೆ ವಾಪಸು ಬಂತು. ಹೊತ್ತು ತಂದವಳು ಆಸ್ಪತ್ರೆಯ ಅಡುಗೆಮನೆ ನೋಡಿಕೊಳ್ಳುವ ಹೆಂಗಸು. ಎರಡು ಬೀದಿ ದಾಟಿ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದಳು. ಪೆಟ್ಟಿಗೆಯನ್ನು ಹೊಸ್ತಿಲ ಮೇಲಿಟ್ಟು, ಹೋಳು ಮಾಡಿದ್ದ ಒಂದು ಹಣ್ಣನ್ನು ಎತ್ತಿಕೊಂಡು ಅದಕ್ಕೆ ಚಮಚ ಒತ್ತಿದಳು. ಚಮಚ ಜಾರಿತು.

"ಇದೇನು ಬೆಣ್ಣೆಯಕ್ಕ, ಬೆಣ್ಣೆಹಣ್ಣೋ ರಬ್ಬರ್ ಚೆಂಡೋ? ಹಲ್ಲಿಲ್ಲದವರು, ಗಂಟಲು ಆಪರೇಷನ್ ಆದವರು ಅಲ್ಲಿ ತಟ್ಟೆ ಹಿಡ್ಕೊಂಡು ಕೂತಿದ್ದಾರೆ. ಇದನ್ನ ಒನಕೆ ತಗೊಂಡು ಕುಟ್ಲಾ?"

"ಸರಿಯಾಗೇ ನೋಡಿಟ್ಟಿದ್ದೆನಲ್ಲಮ್ಮ."

"ಮೂರನೇ ಶುಕ್ರವಾರ ಇದು. ಮುಂದಿನ ವಾರ ಇನ್ನೊಂದು ಸಲ ನೋಡ್ತೀನಿ. ಆಮೇಲೂ ಹಿಂಗೇ ಆದ್ರೆ ನನ್ನ ಬೈಕೋಬೇಡಿ."

ಅವಳು ಹೋದಮೇಲೂ ಬೆಣ್ಣೆಯಕ್ಕ ಹೊಸ್ತಿಲಲ್ಲೇ ಕೂತಿದ್ದಳು. ಇಪ್ಪತ್ತೆರಡು ವರ್ಷದಿಂದ ಅವಳು ಮಾರುವುದು ಇದೊಂದೇ ಹಣ್ಣು. ಆ ಹೆಸರು ಬಂದದ್ದೂ ಅದರಿಂದಲೇ. ಆದರೆ ಜನ ಅವಳ ಹತ್ತಿರ ಕೊಳ್ಳುತ್ತಿದ್ದುದು ಹಣ್ಣಿಗಿಂತ ಹೆಚ್ಚಾಗಿ ಒಂದು ದಿನವನ್ನು. ಬೆಣ್ಣೆಯಕ್ಕ ಗುರುವಾರ ಅಂದರೆ ಗುರುವಾರವೇ. ಬುಧವಾರ ಕುಯ್ದರೆ ಕಾಯಿ, ಶುಕ್ರವಾರ ಕುಯ್ದರೆ ಕಪ್ಪು.

ಹಣ್ಣಿನ ಮಂಡಿಯಿಂದ ಬರುವಾಗ ಎಲ್ಲವೂ ಕಲ್ಲಿನಂತೆ ಗಟ್ಟಿ. ಅವಳು ಒಂದೊಂದನ್ನೇ ಅಂಗೈಯಲ್ಲಿಟ್ಟು ತೂಗುತ್ತಾಳೆ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಬೀಜದ ಸದ್ದು ಕೇಳುತ್ತಾಳೆ. ಬೆರಳ ತುದಿಯಿಂದ ಒತ್ತುವವರನ್ನು ಕಂಡರೆ ಅವಳಿಗೆ ಆಗದು. "ಮಗುವಿನ ಕೆನ್ನೆ ಚಿವುಟಿದ ಹಾಗೆ ಚಿವುಟಬೇಡಿ, ಕಲೆ ನಿಲ್ಲುತ್ತೆ" ಅನ್ನುತ್ತಾಳೆ. ತೊಟ್ಟನ್ನು ಕಿತ್ತು ನೋಡುವವರಿಗೆ ಮಾರುವುದೇ ಇಲ್ಲ. ಆಮೇಲೆ ಹಣ್ಣನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಬೇಗ ಮಾಗಬೇಕಾದ್ದರ ಜೊತೆ ಒಂದು ಬಾಳೆಹಣ್ಣು ಸೇರಿಸಿ, ಮಂಚದ ಕೆಳಗಿನ ಮರದ ಪೆಟ್ಟಿಗೆಗಳಲ್ಲಿ ಇಡುತ್ತಾಳೆ. ಪ್ರತಿ ಸುತ್ತಿನ ಮೇಲೂ ಪೆನ್ಸಿಲಿನಲ್ಲಿ ವಾರದ ಮೊದಲ ಅಕ್ಷರ: ಸೋ, ಮಂ, ಬು, ಗು, ಶು, ಶ. ಹಣ್ಣಾದದ್ದನ್ನು ಫ್ರಿಜ್ಜಿನಲ್ಲಿ ಎರಡು ದಿನ ತಡೆಯಬಹುದು, ಕಾಯಿಯನ್ನು ಮಾತ್ರ ಇಡಬಾರದು, ಅದು ಅಲ್ಲೇ ಸತ್ತುಹೋಗುತ್ತದೆ ಎಂದು ಕೊಳ್ಳುವವರಿಗೆಲ್ಲ ಹೇಳುತ್ತಾಳೆ. ಅರ್ಧ ಉಳಿದರೆ ಬೀಜ ಇರುವ ಹೋಳನ್ನೇ ಉಳಿಸಿಕೊಂಡು, ಮೇಲೆ ನಿಂಬೆರಸ ಸವರಿ, ಗಾಳಿಯಾಡದಂತೆ ಮುಚ್ಚಿಡಬೇಕು.

ಇಷ್ಟನ್ನೂ ಅವಳಿಂದ ಕಲಿತವಳು ಒಬ್ಬಳೇ, ಮಹಡಿಯ ಕೋಣೆಯಲ್ಲಿರುವ ತಂಗಿ. ಅಕ್ಕನ ಮಂಡಿನೋವು ಶುರುವಾದಾಗಿನಿಂದ ಪೆಟ್ಟಿಗೆ ತುಂಬುವುದು, ಶುಕ್ರವಾರ ಆಸ್ಪತ್ರೆಗೆ ಹೊರುವುದು, ಶನಿವಾರ ಮನೆಮನೆಗೆ ಕೊಡುವುದು ಎಲ್ಲ ಅವಳದೇ.

ಮೊದಲ ಸಲ ಹಣ್ಣು ವಾಪಸು ಬಂದಾಗ ಬೆಣ್ಣೆಯಕ್ಕ ಚಳಿಯನ್ನು ದೂರಿದ್ದಳು. ಎರಡನೇ ಸಲ ತಂಗಿ ಮೆಲ್ಲಗೆ ಅಂದಿದ್ದಳು, "ವಯಸ್ಸಾಯ್ತಲ್ಲಕ್ಕ. ಕೈಗೆ ಮೊದಲಿನ ಹಿಡಿತ ಇಲ್ಲ." ಬೆಣ್ಣೆಯಕ್ಕ ನಂಬಿದಳು. ಅವತ್ತಿನಿಂದ ದಿನವೂ ತಂಗಿ ಎಣ್ಣೆ ಬಿಸಿಮಾಡಿ ತಂದು ಅಕ್ಕನ ಅಂಗೈ ತಿಕ್ಕುತ್ತಿದ್ದಳು. ಹಣ್ಣು ನೋಡುವಾಗ ಅಕ್ಕ ಈಗ ಎರಡೆರಡು ಸಲ ತೂಗುತ್ತಿದ್ದಳು, ಬರೆದದ್ದನ್ನು ಅಳಿಸಿ ಮತ್ತೆ ಬರೆಯುತ್ತಿದ್ದಳು.

ಇವತ್ತು ಅವಳು ವಾಪಸು ಬಂದ ಪೆಟ್ಟಿಗೆಯ ಕಾಗದಗಳನ್ನು ಮೊಣಕಾಲ ಮೇಲೆ ಹಾಸಿಕೊಂಡು ಸುಕ್ಕು ಬಿಡಿಸಿದಳು. ಎಲ್ಲದರ ಮೇಲೂ ಶು ಇತ್ತು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದಳು. ಶ ತೆಳ್ಳಗಿತ್ತು, ಅದು ಅವಳದೇ ಕೈ. ಕೊಂಬು ಮಾತ್ರ ದಪ್ಪ. ಕಾಗದ ಹಿಂದುಗಡೆ ಉಬ್ಬುವಷ್ಟು ಒತ್ತಿ ಬರೆದದ್ದು. ಇಪ್ಪತ್ತನಾಲ್ಕು ಕಾಗದ, ಇಪ್ಪತ್ತನಾಲ್ಕು ಕೊಂಬು. ಶನಿವಾರದ ಅಷ್ಟು ಹಣ್ಣು ಶುಕ್ರವಾರದವಾಗಿ ಆಸ್ಪತ್ರೆಗೆ ಹೋಗಿದ್ದವು. ಶನಿವಾರ ಹಣ್ಣು ಕಡಿಮೆ ಬಿದ್ದದ್ದು ಗೊತ್ತಾಗಬೇಕಾದವಳು ಮನೆಮನೆಗೆ ಕೊಡುವ ತಂಗಿಯೊಬ್ಬಳೇ.

ಮಧ್ಯಾಹ್ನ ತಂಗಿ ಎಣ್ಣೆ ಬಟ್ಟಲು ಹಿಡಿದು ಮೆಟ್ಟಿಲಿಳಿದಳು. "ಕೊಡಕ್ಕ ಕೈ."

ಬೆಣ್ಣೆಯಕ್ಕ ಬಲಗೈ ಕೊಟ್ಟಳು. "ಶಕ್ಕೆ ಕೊಂಬು ಕೊಟ್ರೆ ಏನಾಗುತ್ತೆ?"

"ಶು. ಯಾಕೆ, ಈ ವಯಸ್ಸಲ್ಲಿ ಮತ್ತೆ ಬಳಪ ಹಿಡೀತೀಯಾ?"

ಅಕ್ಕ ಎಡಗೈಯಿಂದ ಕಾಗದವನ್ನು ಮುಂದೆ ಸರಿಸಿದಳು. ಅಂಗೈ ಮೇಲೆ ಓಡಾಡುತ್ತಿದ್ದ ತಂಗಿಯ ಹೆಬ್ಬೆರಳು ನಿಂತಿತು.

"ನಿಜವಾದ ಶುಕ್ರವಾರದ್ದು ಯಾರಿಗೆ ಕೊಟ್ಟೆ?"

"ಬಸ್ ನಿಲ್ದಾಣದ ಎದುರಿನ ಹೊಸ ಹೋಟೆಲಿಗೆ."

"ಏನಂತ ಹೇಳಿ ಕೊಟ್ಟೆ?"

"ನನ್ನ ಹಣ್ಣು ಅಂತ." ತಂಗಿ ತಲೆ ಎತ್ತಿದಳು. "ಸುಳ್ಳೇನು? ಒಂಬತ್ತು ವರ್ಷ ಹೊತ್ತು ತಿರುಗಿದ್ದು ಯಾರ ತಲೆ? ನಾನು ಯಾರು ಅಂತ ಬೀದೀಲಿ ಕೇಳಿ ನೋಡು. ಬೆಣ್ಣೆಯಕ್ಕನ ತಂಗಿ! ಅಷ್ಟೇ ನಾನು."

"ಬಾಯಿಬಿಟ್ಟು ಕೇಳಿದ್ರೆ ಆ ಹೋಟೆಲಿನ ವ್ಯಾಪಾರಾನ ನಿನಗೇ ಬಿಟ್ಟುಕೊಡ್ತಿದ್ದೆ."

"ಅದೇ ನೋಡು. ಬಿಟ್ಟುಕೊಡೋಳೂ ನೀನೇ ಆಗ್ಬೇಕು."

ಬೆಣ್ಣೆಯಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. "ಹಣ್ಣು ತಗೊಂಡೆ, ಹೋಗ್ಲಿ. ನನ್ನ ಕೈಯೇ ಸರಿಯಿಲ್ಲ ಅಂದ್ಯಲ್ಲ, ಅದ್ಯಾಕೆ? ದಿನಾ ಎಣ್ಣೆ ಬೇರೆ ತಿಕ್ಕಿದೆ. ಬೆಣ್ಣೆ ಮಾರೋಳಿಗೇ ಬೆಣ್ಣೆ ಹಚ್ಚಿದೆಯಲ್ಲೇ."

ತಂಗಿ ಬಟ್ಟಲು ಎತ್ತಿಕೊಂಡು ಮೇಲೆ ಹೋದಳು. ಬೆಣ್ಣೆಯಕ್ಕ ಕೊಂಬು ಬಂದಿದ್ದ ಒಂದು ಕಾಗದದಿಂದ ಅಂಗೈಯ ಎಣ್ಣೆ ಒರೆಸಿಕೊಂಡಳು.

ಮರುದಿನ, ಶನಿವಾರ, ವಾಪಸು ಬಂದ ಹಣ್ಣುಗಳಲ್ಲಿ ಒಂದನ್ನು ತೆಗೆದು ಕುಯ್ದಳು. ಚಾಕು ಸಲೀಸಾಗಿ ಇಳಿಯಿತು. ಒಳಗೆ ಅಂಚಿನಲ್ಲಿ ಹಸಿರು, ನಡುವೆ ಹಳದಿ, ಎಲ್ಲಿಯೂ ಕಲೆಯಿಲ್ಲ. ಇನ್ನೊಂದು ಕುಯ್ದಳು. ಮೂರನೆಯದನ್ನೂ ಕುಯ್ದಳು. ಅವಳ ಕೈ ತಪ್ಪಿರಲಿಲ್ಲ. ಮೂರು ಹಣ್ಣಿನ ಆರು ಹೋಳುಗಳನ್ನು ಮುಂದಿಟ್ಟುಕೊಂಡು ಅವಳು ಅತ್ತಳು. ಆಮೇಲೆ ಎಲ್ಲಕ್ಕೂ ನಿಂಬೆರಸ ಸವರಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ಭಾನುವಾರ ತಂಗಿ ಆ ಹೋಟೆಲಿನ ಹಿಂದಿನ ಕೋಣೆಗೆ ತನ್ನ ಸಾಮಾನು ಸಾಗಿಸಿದಳು. ಮುಂದಿನ ಶುಕ್ರವಾರದ ಇಪ್ಪತ್ತನಾಲ್ಕು ಹಣ್ಣು ಈಗ ಮಂಚದ ಕೆಳಗಿವೆ. ಸುತ್ತಿದ ಕಾಗದಗಳ ಮೇಲೆ ಬರೀ ಮೊದಲಕ್ಷರವಲ್ಲ, ಶುಕ್ರವಾರ ಎಂದು ಪೂರ್ತಿ ಬರೆದಿದೆ. ಮಂಡಿ ನೋಯುತ್ತಿದ್ದರೂ ಆ ಪೆಟ್ಟಿಗೆಯನ್ನು ಆಸ್ಪತ್ರೆಗೆ ಬೆಣ್ಣೆಯಕ್ಕನೇ ಹೊತ್ತುಕೊಂಡು ಹೋಗುತ್ತಾಳೆ.