ಸಾಮಾನು ನಿಮ್ಮದು, ಬೆಸುಗೆ ನನ್ನದು

ಮುಬಶೀರನ ವಿಸಿಟಿಂಗ್ ಕಾರ್ಡಿನಲ್ಲಿ ‘ಶಬನಂ ಎಲೆಕ್ಟ್ರಾನಿಕ್ ಇಂಡಸ್ಟ್ರೀಸ್’ ಎಂದಿತ್ತು. ಅದರ ಕೆಳಗೆ ‘ಪ್ರೊಪ್ರೈಟರ್’ ಎಂಬ ಪದ, ಅವನ ಹೆಸರಿಗಿಂತ ದಪ್ಪ ಅಕ್ಷರಗಳಲ್ಲಿ. ಇಂಡಸ್ಟ್ರೀಸ್ ಇದ್ದದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಸೈಕಲ್ ಅಂಗಡಿಯೊಂದರ ಬೆನ್ನಿಗೆ. ಒಂದು ಮೇಜು, ಒಂದು ಸ್ಟೂಲು, ಬೆಸುಗೆ ಹಾಕುವ ಒಂದು ಸಾಲ್ಡ್ರಿಂಗ್ ಐರನ್ನು. ಗಿರಾಕಿ ಬಂದರೆ ಪ್ರೊಪ್ರೈಟರ್ ಎದ್ದು ನಿಲ್ಲಬೇಕಾಗುತ್ತಿತ್ತು, ಕೂರಲು ಬೇರೆ ಜಾಗವಿರಲಿಲ್ಲ.

ಕಾರ್ಡಿನ ಶಬನಂ ಅವನ ಹೆಂಡತಿ. ಕಾರ್ಡಿನಲ್ಲಿ ಮಾತ್ರ ಜೊತೆಗಿದ್ದಳು. ಆಕೆ ಸಿರುಗುಪ್ಪದ ಸರಕಾರಿ ಶಾಲೆಯಲ್ಲಿ ಟೀಚರು, ಮದುವೆಯಾದಾಗಿನಿಂದ ಆಕೆ ಅಲ್ಲಿ, ಈತ ಇಲ್ಲಿ. ನಡುವೆ ಅದಿರಿನ ಲಾರಿಗಳ ಸಾಲು. ಬಸ್ಸು ಯಾವಾಗ ಬಿಡುತ್ತದೆಂದು ಹೇಳಬಹುದಿತ್ತು, ಯಾವಾಗ ಮುಟ್ಟುತ್ತದೆಂದು ಡ್ರೈವರನೂ ಹೇಳುತ್ತಿರಲಿಲ್ಲ.

ಆಗ ನಮ್ಮ ಮಣ್ಣು ಲಾರಿ ಹತ್ತಿ ಚೀನಾಕ್ಕೆ ಹೋಗುತ್ತಿತ್ತು. ಚೀನಾದ ಕೆಪಾಸಿಟರು, ಎಲೆಕ್ಟ್ರಾನಿಕ್ ಬೋರ್ಡಿನ ಪುಟ್ಟ ಬಿಡಿಭಾಗ, ಬೆಂಗಳೂರಿನಲ್ಲಿ ಬಸ್ಸು ಹತ್ತಿ ನಮ್ಮೂರಿಗೆ ಬರುತ್ತಿತ್ತು. ಈ ಕೊಡು-ಕೊಳ್ಳುವಿಕೆಯಲ್ಲಿ ನಾವೇ ಜಾಣರೆಂದು ಊರೆಲ್ಲ ನಂಬಿತ್ತು. ಮೊನ್ನೆಮೊನ್ನೆಯವರೆಗೆ ಭತ್ತ ಬೆಳೆಯುತ್ತಿದ್ದವರು ಲಾರಿ ಕೊಂಡರು. ಕೊಂಡವರಿಗೆಲ್ಲ ರಿವರ್ಸ್ ಹಾರ್ನ್ ಬೇಕಾಯಿತು, ಲಾರಿ ಹಿಂದಕ್ಕೆ ಬರುವಾಗ ಕೂಗುವ ಪುಟ್ಟ ಪೆಟ್ಟಿಗೆ. ತಾವು ಮುಂದಕ್ಕೆ ಹೋಗುತ್ತಿರುವುದು ಊರಿಗೆ ಹೇಗೂ ಕಾಣುತ್ತಿತ್ತು. ಹಿಂದಕ್ಕೆ ಬರುವುದೂ ಕೇಳಿಸಲಿ ಎಂದಿರಬೇಕು.

ಆ ಪೆಟ್ಟಿಗೆಯೊಳಗಿನ ಬೋರ್ಡನ್ನು ಮುಬಶೀರ್ ಜೋಡಿಸುತ್ತಿದ್ದ. ಸಾಮಾನೆಲ್ಲ ಅವನದೇ ಆಯ್ಕೆ. ಬೆಂಗಳೂರಿನಿಂದ ಬಂದ ಡಬ್ಬಿ ಬಿಚ್ಚಿ, ಕೆಪಾಸಿಟರುಗಳನ್ನು ಒಂದೊಂದಾಗಿ ಬೋರ್ಡಿಗೆ ಸಿಕ್ಕಿಸಿ, ಕಣ್ಣು ಮುಚ್ಚಿ ಕೇಳುವನು. ಒಂದೇ ಅಂಕಿ ಬರೆದವೂ ಒಂದೊಂದು ಒಂದೊಂದು ದನಿ ಕೊಡುತ್ತಿದ್ದವು. ತನಗೆ ಬೇಕಾದ ದನಿ ಬಂದದ್ದನ್ನು ಬೆಸೆದು, ಉಳಿದದ್ದನ್ನು ರೇಡಿಯೋ ರಿಪೇರಿಯವರಿಗೆ ದಾಟಿಸುವನು. ಬೇಕಾದ ದನಿ ಎಂದರೆ ಎರಡು ಸ್ವರ: ಮೊದಲನೆಯದು ಕರೆದಂತೆ, ಎರಡನೆಯದು ಯಾರೋ ಬಾಗಿಲಿಗೆ ಬಂದು ಮೆಲ್ಲಗೆ ಓಗೊಟ್ಟಂತೆ. ಅದಿರು ತುಂಬಿದ ಟಿಪ್ಪರಿಗೆ ಇಷ್ಟು ಒನಪು ಯಾಕೆಂದು ಡ್ರೈವರುಗಳು ನಗುತ್ತಿದ್ದರು.

“ಸಾಮಾನು ಆರಿಸಾಕ ಬರ್ದವ ಬೋರ್ಡ್ ಮಾಡಬಾರ್ದು,” ಎಂದು ಪ್ರೊಪ್ರೈಟರ್ ಗಂಭೀರವಾಗಿ ಹೇಳುವನು. ಹೇಳುವಾಗ ಕೊರಳು ತುಸು ಉದ್ದವಾಗುತ್ತಿತ್ತು.

ಆದರೆ ಸಾಮಾನು ತನ್ನದೆಂದಮೇಲೆ ದೂರೂ ತನ್ನದೇ. ಹಾರ್ನು ಕೂಗದಿದ್ದರೆ ಲಾರಿ ನೇರ ಕೌಲ್ ಬಜಾರಿಗೆ ಬಂದು ನಿಲ್ಲುತ್ತಿತ್ತು. ಬಸ್ಸಿಗೆ ಬಂದ ಡಬ್ಬಿ ಬಿಡಿಸಿಕೊಳ್ಳಬೇಕು, ಕೆಟ್ಟದ್ದನ್ನು ವಾಪಸು ಕಳಿಸಬೇಕು, ಅಂಗಡಿ ತೆರೆದಿರಬೇಕು. ಸಿರುಗುಪ್ಪಕ್ಕೆ ಹೋಗಿಬರುವುದೆಂದರೆ ಇಂಡಸ್ಟ್ರೀಸ್ ಮುಚ್ಚಿದಂತೆ.

ಅದಕ್ಕೇ ಗಂಡಹೆಂಡತಿ ಭಾನುವಾರ ಕುರುಗೋಡಿನಲ್ಲಿ ಸೇರುತ್ತಿದ್ದರು. ಈತ ಬಳ್ಳಾರಿಯಿಂದ, ಆಕೆ ಸಿರುಗುಪ್ಪದಿಂದ. ಕುರುಗೋಡಿನಲ್ಲಿ ಶಬನಂಳ ಚಿಕ್ಕಮ್ಮ ಫಕೀರಬಿಯ ಮನೆಯಿತ್ತು. ಫಕೀರಬಿ ಚಹಾ ಇಟ್ಟು, ಪಡಸಾಲೆಯಲ್ಲೇ ಕೂತುಬಿಡುತ್ತಿದ್ದಳು. ಎದ್ದು ಹೋಗುವುದು ಸಭ್ಯತೆಯಲ್ಲವೆಂದು ಆಕೆಯ ನಂಬಿಕೆ. ಹೀಗಾಗಿ ವಾರವೆಲ್ಲ ಕೂಡಿಟ್ಟ ಮಾತು ಹವಾ, ಬಸ್ಸು, ಬದನೆಕಾಯಿಗಳ ಸುತ್ತ ತಿರುಗಿ ಹಾಗೆಯೇ ವಾಪಸಾಗುತ್ತಿತ್ತು.

“ಏನವಾ, ಲಗ್ನ ಆಗೇತಿ ಅಂತೀರಿ, ಇನ್ನೂ ಹೆಣ್ಣು ನೋಡಾಕ ಬಂದಂಗ ಕುಂತೀರಲ್ಲ!” ಎಂದು ಒಮ್ಮೆ ಆಕೆಯೇ ನಕ್ಕಳು. ನಕ್ಕು, ಮತ್ತೂ ಭದ್ರವಾಗಿ ಕೂತಳು.

ಅದೇ ಕುರುಗೋಡಿನಲ್ಲಿ ಚನ್ನಬಸವರಾಜ ಎಂಬ ಧಣಿ ಇದ್ದ. ಲಾರಿಗಳ ಸಾಲೇ ಅವನದಿತ್ತು. ಈಗ ಅವನಿಗೆ ಹಾರ್ನುಗಳ ವ್ಯಾಪಾರವೂ ಬೇಕೆನಿಸಿತ್ತು. ಒಂದು ಭಾನುವಾರ ಮುಬಶೀರನನ್ನು ಕರೆಸಿದ.

“ನೋಡಲೇ ಮುಬಶೀರ, ಇನ್ನ ಮ್ಯಾಗ ಸಾಮಾನು ನಾ ತರ್ತೀನಿ. ನೀ ಬರೇ ಜೋಡಿಸಿಕೊಡು. ಸಾಮಾನು ನಂದು, ಬೆಸುಗೆ ನಿಂದು. ಹಾರ್ನು ಕೆಟ್ರ ನನ್ನ ಹಣೇಬರ.”

“ಧಣಿ, ಸಾಮಾನು ಆರಿಸೋದ ನನ್ನ ಕೆಲಸ…”

“ಯಾಕ, ನನಗ ಆರಿಸಾಕ ಬರಂಗಿಲ್ಲೇನು? ನಮ್ಮನ್ಯಾಗ ಮೂರು ಹೆಣ್ಣುಮಕ್ಕಳ ಲಗ್ನದ ಸೀರಿ ನಾನ ಆರಿಸೀನಿ! ನೀ ಎಲ್ಲ್ಯಾರ ಕುಂತು ಮಾಡು, ಸಾಮಾನಿನ ಚೀಲ ಬಸ್ಸಿಗೆ ಹಾಕಿ ಕಳಸ್ತೀನಿ.”

‘ಎಲ್ಲ್ಯಾರ ಕುಂತು’ ಎಂಬ ಮಾತು ಮುಬಶೀರನ ಕಿವಿಯಲ್ಲೇ ನಿಂತಿತು. ಚೀಲ ಸಿರುಗುಪ್ಪಕ್ಕೂ ಬರಬಹುದು. ಸಾಲ್ಡ್ರಿಂಗ್ ಐರನ್ನಿಗೆ ಬೇಕಾದ್ದು ಕರೆಂಟು ಮಾತ್ರ. ಅದು ಸಿರುಗುಪ್ಪದಲ್ಲೂ ಬಳ್ಳಾರಿಯಷ್ಟೇ ಹೋಗುತ್ತಿತ್ತು, ಬರುತ್ತಿತ್ತು.

ಬಸ್ ನಿಲ್ದಾಣದವರೆಗಿನ ದಾರಿಯಲ್ಲಿ, ಫಕೀರಬಿ ಇಲ್ಲದ ಆ ಒಂದಿಷ್ಟು ಹೊತ್ತಿನಲ್ಲಿ, ಶಬನಂಗೆ ಹೇಳಿದ.

“ಒಪ್ಪಿಕೊಳ್ರಿ,” ಎಂದಳು.

“ಒಪ್ಪಿದ್ರ ನಾ ಪ್ರೊಪ್ರೈಟರ್ ಅಲ್ಲ, ಕೂಲಿಯವ.”

“ಕಾರ್ಡಿನ ಮ್ಯಾಗ ನನ್ನ ಹೆಸರು ದೊಡ್ಡದಾಗಿ ಹಾಕೀರಿ. ನಾ ಒಬ್ಬಾಕೆ ಒಂದ ತಾಟು ಇಟ್ಟಕೊಂಡು ಉಣ್ಣೋದು ಯಾವ ಕಾರ್ಡಿನ ಮ್ಯಾಗೂ ಇಲ್ಲ.” ಆಮೇಲೆ ಕೇಳಿದಳು, “ನಿಮ್ಮ ಹಾರ್ನಿನ ದನಿ?”

“ಅದಕ್ಕೂ ಒಂದು ಉಪಾಯ ಐತಿ.”

ಉಪಾಯ ಇದು. ಥರ್ಮಾಕೋಲ್ ತುಂಡೊಂದರ ಮೇಲೆ ಪ್ರತಿ ಸಾಮಾನಿನದೂ ಒಂದೊಂದು ಮಾದರಿ ಚುಚ್ಚಿ ಚನ್ನಬಸವರಾಜನಿಗೆ ಕೊಟ್ಟ. “ಧಣಿ, ಥೇಟ್ ಇಂಥವ ತರ್ರಿ.” ಧಣಿ ಅದನ್ನು ಮಡಿಲಲ್ಲಿಟ್ಟುಕೊಂಡು, ಹೊಸ ಕಾರಿನಲ್ಲಿ ಬೆಂಗಳೂರಿಗೆ ಹೋದ.

ಮುಬಶೀರ್ ಅಂಗಡಿ ಖಾಲಿ ಮಾಡಿ ಸಿರುಗುಪ್ಪದ ಬಸ್ಸು ಹತ್ತಿದ. ಮೇಜು ಬಸ್ಸಿನ ಮೇಲೆ, ಐರನ್ನು ಮಡಿಲಲ್ಲಿ. ಉಳಿದ ಕಾರ್ಡುಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ಶಬನಂ ಅವನ್ನು ಮಡಚಿ ಕುಂಟುವ ಮೇಜಿನ ಕಾಲಡಿಗೆ ಕೊಟ್ಟಳು. ಮೊದಲ ಬಾರಿಗೆ ಆ ಇಂಡಸ್ಟ್ರೀಸ್ ಅಲುಗಾಡದೆ ನಿಂತಿತು.

ಸಾಮಾನಿನ ಚೀಲ ಬಂತು. ಬಿಚ್ಚಿ ನೋಡಿದರೆ ಎಲ್ಲವೂ ಥೇಟ್ ಮಾದರಿಯಂತೆ: ನೀಲಿಗೆ ನೀಲಿ, ಗಿಡ್ಡಕ್ಕೆ ಗಿಡ್ಡ. ಧಣಿ ಪ್ರತಿಯೊಂದನ್ನೂ ಅಂಗಡಿಯ ಹೊರಗೆ ಬೆಳಕಿಗೆ ಹಿಡಿದು, ಸೀರೆಗೆ ಕುಪ್ಪಸದ ಬಟ್ಟೆ ಹೊಂದಿಸುವಂತೆ ಬಣ್ಣ ಹೊಂದಿಸಿ ತಂದಿದ್ದ. ಮೈಮೇಲೆ ಬರೆದದ್ದನ್ನು ಮಾತ್ರ ಓದಿರಲಿಲ್ಲ.

ಮುಬಶೀರ್ ಫೋನು ಮಾಡಿದ. “ಧಣಿ, ಕೆಪಾಸಿಟರಿನ ಮ್ಯಾಗ ಎಂಬತ್ತೈದು ಡಿಗ್ರಿ ಅಂತ ಐತಿ. ನಾ ಕೊಟ್ಟಿದ್ದು ನೂರೈದು ತಡಕೊಳ್ಳೋದು.”

“ಬಳ್ಳಾರ್ಯಾಗ ಬಿಸಲು ನಲವತ್ತೈದು ದಾಟಿದ್ದು ಕೇಳೀಯೇನಲೇ? ಇನ್ನೂ ನಲವತ್ತು ಉಳಿತೈತಿ!”

“ಲಾರಿ ಎಂಜಿನ್ನಿನ ಕಾವು ಕೂಡಿದ್ರ ಒಣಗಿಬಿಡ್ತಾವ. ದನಿ ಜೋಲು ಬೀಳ್ತೈತಿ.”

“ಬೀಳಲಿ ಬಿಡು. ಲಾರಿ ಹಿಂದ ಬರಾಕ ದನಿ ಬೇಕು, ಸಂಗೀತ ಬ್ಯಾಡ. ಬಣ್ಣ ಎಷ್ಟು ಕೂಡೇತಿ ನೋಡಿದಿಲ್ಲೋ?”

ಫೋನಿಟ್ಟು ಮುಬಶೀರ್ ಸಾಮಾನನ್ನು ಮತ್ತೆ ಚೀಲಕ್ಕೆ ತುಂಬಿದ. ಚೀಲ ವಾಪಸು ಕಳಿಸಬಹುದಿತ್ತು. ಕಳಿಸಿದರೆ ಕೌಲ್ ಬಜಾರು, ಸ್ಟೂಲು, ಭಾನುವಾರ, ಫಕೀರಬಿ. ಒಳಗೆ ಶಬನಂ ರೊಟ್ಟಿ ಬಡಿಯುತ್ತಿದ್ದಳು. ತಾಟು ಎರಡು ಇಟ್ಟ ಸದ್ದು ಕೇಳಿತು. ಐರನ್ನು ಕಾಯಲು ಹಾಕಿದ.

ಹೊಸ ಹಾರ್ನುಗಳು ಕೂಗಿದವು, ಎಲ್ಲ ಹಾರ್ನೂ ಕೂಗುವಂತೆ. ಬೇಸಿಗೆ ಬಂದಮೇಲೆ ನೆಗಡಿ ಹಿಡಿದವರಂತೆ ಕೂಗಿದವು. ಚನ್ನಬಸವರಾಜನಿಗೆ ವ್ಯತ್ಯಾಸ ತಿಳಿಯಲಿಲ್ಲ, ತೃಪ್ತನಾಗಿದ್ದ. ಇತ್ತ ಮನೆಯಲ್ಲಿ ನಗು ಇತ್ತು, ಜಗಳವಿತ್ತು, ಬದನೆಕಾಯಿ ಬಿಟ್ಟು ಬೇರೆ ಮಾತೂ ಇತ್ತು. ಕೇಳಿದವರಿಗೆ ಮುಬಶೀರ್ ಸುಖವಾಗಿದ್ದೇನೆ ಎನ್ನುತ್ತಿದ್ದ, ಅದು ನಿಜವೂ ಆಗಿತ್ತು. ಆದರೂ ಬೆಸೆಯುವ ಮೊದಲು ಕಣ್ಣು ಮುಚ್ಚುವ ಅಭ್ಯಾಸ ಹೋಗಿರಲಿಲ್ಲ. ಆರಿಸಲು ಏನೂ ಇರುತ್ತಿರಲಿಲ್ಲ. ಚೀಲದಲ್ಲಿ ಬಂದದ್ದು ಬೋರ್ಡಿಗೆ. ತುಸು ಹೊತ್ತು ಕಣ್ಣು ಮುಚ್ಚಿ, ತೆರೆದು, ಬೆಸೆಯುವನು.

ಆಮೇಲೆ ಕೋರ್ಟಿನ ಆದೇಶಕ್ಕೆ ಗಣಿ ನಿಂತಿತು. ಲಾರಿಗಳು ತಾಡಪಾಲು ಹೊದ್ದು ಮಲಗಿದವು. ಚನ್ನಬಸವರಾಜ ಮತ್ತೆ ಭತ್ತಕ್ಕೆ ಇಳಿದು, ಹಾರ್ನಿನ ಮಾತೇ ಎತ್ತದಾದ. ಮುಬಶೀರನ ಐರನ್ನು ಈಗ ಪಂಪ್‌ಸೆಟ್ಟಿನ ಬೋರ್ಡು ರಿಪೇರಿಗೆ ಕಾಯುತ್ತಿತ್ತು.

ಸುಗ್ಗಿಯ ಒಂದು ಮಧ್ಯಾಹ್ನ ಶಬನಂ ಮಕ್ಕಳ ಪರೀಕ್ಷೆಯ ಪತ್ರಿಕೆ ತಿದ್ದುತ್ತಿದ್ದಳು. ಮನೆಯ ಹಿಂದೆ ಅಕ್ಕಿ ಗಿರಣಿ. ಅಲ್ಲಿಗೆ ಭತ್ತ ಹೇರಿಕೊಂಡು ಹಳೆಯ ಟಿಪ್ಪರೊಂದು ಬಂದು ಹಿಂದಕ್ಕೆ ಸರಿಯತೊಡಗಿತು. ಎರಡು ಸ್ವರ: ಕರೆದಂತೆ, ಓಗೊಟ್ಟಂತೆ. ಬಳ್ಳಾರಿಯಲ್ಲಿ ಆರಿಸಿ ಬೆಸೆದದ್ದು. ಇಷ್ಟು ಬೇಸಿಗೆ ಕಂಡರೂ ಜೋಲು ಬಿದ್ದಿರಲಿಲ್ಲ.

ಶಬನಂಳ ಪೆನ್ನು ನಿಂತಿತು. “ರೀ, ನಿಮ್ಮದು.”

ಮುಬಶೀರ್ ಚಪ್ಪಲಿಯನ್ನೂ ಮೆಟ್ಟದೆ ಹೊರಗೋಡಿದ. ಲಾರಿಯ ಹಿಂದೆ ನಿಂತು, ಜಾಗ ತೋರಿಸುವವನಂತೆ ಕೈ ಬೀಸತೊಡಗಿದ.

“ಬರ್ರಿ, ಬರ್ರಿ! ಇನ್ನೂ ಜಾಗ ಐತಿ, ಹಿಂದ ಬರ್ರಿ!”

ಡ್ರೈವರ್ ನಂಬಿ ಬಂದ. ಹಾರ್ನು ಕೂಗುತ್ತಲೇ ಇತ್ತು. ಲಾರಿ ಗಿರಣಿಯ ಬಾಗಿಲನ್ನೂ ದಾಟಿಹೋಯಿತು. ಮುಬಶೀರನ ಕಣ್ಣು ಮುಚ್ಚಿತ್ತು, ಕೈ ಮಾತ್ರ ಕರೆಯುತ್ತಲೇ ಇತ್ತು.

ಕನ್ನಡಿಯಲ್ಲಿ ಗೋಡೆ ಕಂಡಾಗ ಡ್ರೈವರ್ ಗಕ್ಕನೆ ಬ್ರೇಕು ಒತ್ತಿ ತಲೆ ಹೊರಹಾಕಿದ. “ಏ ಸಾಬ್ರ! ಗ್ವಾಡಿ ಐತ್ರಿ ಹಿಂದ! ಇನ್ನೆಲ್ಲಿಗೆ ಕರೀತೀರಿ?”

ಮುಬಶೀರ್ ಕಣ್ಣು ತೆರೆದ. ಲಾರಿಗೂ ಗೋಡೆಗೂ ನಡುವೆ ಅವನೊಬ್ಬ ನಿಲ್ಲುವಷ್ಟೇ ಜಾಗವಿತ್ತು.

“ಸ್ವಲ್ಪ ಮುಂದ ತಗೋರಿ,” ಎಂದ. ಲಾರಿ ಮುಂದಕ್ಕೆ ಸರಿಯಿತು. ಹಾರ್ನು ನಿಂತಿತು. ಹಿತ್ತಲ ಬಾಗಿಲಲ್ಲಿ ಶಬನಂ ಪೆನ್ನು ಹಿಡಿದೇ ನಿಂತಿದ್ದಳು.

“ಈಗ,” ಎಂದು ಮುಬಶೀರ್ ಡ್ರೈವರನಿಗೆ ಕೂಗಿದ, “ಮತ್ತ ಹಿಂದ ಬರ್ರಿ.”