ಒಡೆದಿದೆ ಎನ್ನುವ ಬೆಳ್ಳಮ್ಮ

ಮಂಡ್ಯದ ಪೇಟೆಬೀದಿಯಲ್ಲಿ ಕಬ್ಬಿನ ಗಾಡಿಗಳು ಓಡಾಡುವ ಮೊದಲೇ, ಬೆಳಗಿನ ಜಾವ ಐದಕ್ಕೆ, ಬೆಳ್ಳಮ್ಮ ಗಾಜು ಕೊಯ್ಯಲು ಕೂರುತ್ತಾರೆ. ಸಕ್ಕರೆ ಕಾರ್ಖಾನೆ ಬಂದ ಮೇಲೆ ಈ ಬೀದಿಯ ನೆಲ ಹಗಲೆಲ್ಲ ಅದುರುತ್ತದೆ. ಅದುರುವ ನೆಲದ ಮೇಲೆ ಗಾಜು ಹೇಳಿದ ಮಾತು ಕೇಳುವುದಿಲ್ಲ. ಗೋಣಿತಾಟಿನ ಮೇಲೆ ಗಾಜು ಮಲಗಿಸಿ, ಸೋಪಿನ ಚೂರಿನಿಂದ ಗೆರೆ ಹಾಕಿ, ಗೆರೆಯ ಮೇಲೆ ವಜ್ರದ ಮೊನೆಯ ಕಡ್ಡಿಯನ್ನು ಒಂದೇ ಸಲ ಎಳೆಯುತ್ತಾರೆ. ಎರಡನೆಯ ಸಲ ಎಳೆಯುವಂತಿಲ್ಲ. ಆಮೇಲೆ ಅಡಿಯಿಂದ ಮೆಲ್ಲಗೆ ತಟ್ಟುತ್ತ ಕಿವಿಗೊಡುತ್ತಾರೆ.

"ಉಸ್ರು ಬುಡ್ಬೇಡಿ ಸ್ವಾಮಿ," ಎನ್ನುತ್ತಾರೆ, ಪತ್ರಿಕೆಗೆ ಬರೆದುಕೊಳ್ಳಲು ಬಂದ ನನಗೆ. ಗಾಜು ಎರಡಾಗುವವರೆಗೆ ನಾನು ಬಿಡುವುದಿಲ್ಲ. "ಈಗ ಬುಡಿ. ಸತ್ಗಿತ್ತೀರಾ."

ಬೆಳ್ಳಮ್ಮ ಕೊತ್ತತ್ತಿಯ ಮಗಳು. ದೇವರ ಪಟಗಳಿಗೆ ಕಟ್ಟು ಹಾಕುವ ಈ ಅಂಗಡಿ ಗಂಡನದು. ಅವರು ತೀರಿಕೊಂಡು ಎಂಟು ವರ್ಷವಾಯಿತು. ನಾನು ಏಳೆಂದು ಬರೆದುಕೊಂಡಿದ್ದೆ, ಬೆಳ್ಳಮ್ಮನೇ ತಿದ್ದಿಸಿದರು. ಆಗ ಅಂಗಡಿಯಲ್ಲಿ ಹದಿನಾರು ಪಟಗಳು ಅರ್ಧಕ್ಕೆ ನಿಂತಿದ್ದವು. "ದೇವ್ರುಗಳ್ನ ಬೆತ್ಲೆ ವಾಪಸ್ ಕೊಡಕಾಯ್ತದಾ?" ಎಂದು ತಾವೇ ಕಡ್ಡಿ ಹಿಡಿದರು. ಮೊದಲ ಆರು ಗಾಜು ಚೂರಾದವು, ಏಳನೆಯದು ನಿಂತಿತು. ಈಗ ದಿನಕ್ಕೆ ನಾಲ್ಕು ಪಟ ಮುಗಿಸುತ್ತಾರೆ, ಗೌರಿಹಬ್ಬ ಹತ್ತಿರ ಬಂದರೆ ಹತ್ತು. ಅಂಗೈಯ ಗೀರುಗಳನ್ನು ಎಣಿಸಲು ಹೋದೆ. "ಅದ್ರಲ್ಲಿ ಭವಿಷ್ಯ ನೋಡ್ಬೇಡಿ. ಅರ್ಧ ಗೆರೆ ನಂದು, ಅರ್ಧ ಗಾಜಿಂದು."

ಅವರ ಮಾತಿನ ಬಗ್ಗೆ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಬಳೆ ಒಡೆಯಿತು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ಕೆಲವು ಮನೆಗಳಲ್ಲಿ ಆ ಮರ್ಯಾದೆ ಲಾಂದ್ರದ ಗಾಜಿಗೂ ಕನ್ನಡಿಗೂ ಹಬ್ಬಿದೆ. ಬೆಳ್ಳಮ್ಮ ಮಾತ್ರ ಒಡೆದದ್ದನ್ನು ಒಡೆಯಿತು ಎಂದೇ ಹೇಳುತ್ತಾರೆ. "ಹೆಚ್ಚಕೆ ನನ್ ಕೈಲಿ ಬಳೆನೇ ಇಲ್ವಲ್ಲ," ಎಂದು ನಗುತ್ತಾರೆ.

ಈಚೆಗೆ ವಕೀಲ ಯೋಗಾನರಸಿಂಹಯ್ಯನವರ ದೊಡ್ಡ ಕಾರಿನ ಮುಂದಿನ ಗಾಜಿಗೆ, ಮದ್ದೂರು ರಸ್ತೆಯಲ್ಲಿ ಹಿಂದಕ್ಕೆ ಸರಿದ ಗಾಡಿಯೊಂದರ ಕಬ್ಬಿನ ಜಲ್ಲೆಗಳು ತಿವಿದವು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಹತ್ತು ದಿನಕ್ಕೆ ಮಗಳ ನಿಶ್ಚಿತಾರ್ಥ, ಹೋಗಬೇಕಾದದ್ದು ಮಳವಳ್ಳಿಗೆ. ಗಾಜಿಲ್ಲದ ಕಾರನ್ನು ಮದ್ದೂರಿನಿಂದ ಮನೆಗೆ ತಂದ ಡ್ರೈವರ್ ಸಿದ್ದರಾಮುವಿನ ಕರಿ ಮೀಸೆ ಕೆಂಪಗಾಗಿತ್ತು. ಅಂಥ ಧೂಳು ತಿಂದುಕೊಂಡು ಬೀಗರ ಮನೆಗೆ ಹೋಗುವುದು ಹೇಗೆ?

ವಕೀಲರು ಪರಸ್ಥಳಕ್ಕೆ ಹೋಗಿದ್ದರು. ಅವರ ಪತ್ನಿ ಕನಕಲಕ್ಷ್ಮಮ್ಮನವರೇ ಬೆಂಗಳೂರಿನ ಕಂಪನಿಗೆ ಕಾಗದ ಬರೆದರು. ಶುಭಕಾರ್ಯದ ಮನೆಯಲ್ಲಿ ಕೆಟ್ಟ ಮಾತು ಬೇಡವೆಂದು, "ನಮ್ಮ ಕಾರಿನ ಮುಂದಿನ ಗಾಜು ಹೆಚ್ಚಿದೆ, ದಯವಿಟ್ಟು ಬೇಗ ವ್ಯವಸ್ಥೆ ಮಾಡಿ" ಎಂದು ಬರೆದರು. ಆರನೆಯ ದಿನ ಉತ್ತರ ಬಂತು: "ಹೆಚ್ಚಾದ ಗಾಜನ್ನು ವಾಪಸು ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ."

ಉಳಿದದ್ದು ನಾಲ್ಕೇ ದಿನ. ಗಾಜು ಹಾಕುವವರು ಯಾರು? ಊರಿಗೆ ಬಂದ ವಕೀಲರು ಮೈಸೂರಿನಲ್ಲಿ ಕೇಳಿಸಿದರು, ಅಲ್ಲಿಯವರು ಹದಿನೈದು ದಿನ ಎಂದರು. ಗಾಜಿನ ವಿಷಯ ಬಲ್ಲವನೆಂದು ನೆರೆಮನೆಯವರು ಬಳೆಗಾರನನ್ನು ಕರೆತಂದರು. ಅವನು ಕಾರನ್ನು ಸುತ್ತುಹಾಕಿ, ಇಷ್ಟು ದೊಡ್ಡ ಕೈ ತಾನು ನೋಡಿಲ್ಲವೆಂದು ಹೊರಟುಹೋದ. ಕೊನೆಗೆ ಸಿದ್ದರಾಮು ಬೆಳ್ಳಮ್ಮನನ್ನು ಕರೆತಂದ.

ಕನಕಲಕ್ಷ್ಮಮ್ಮ ಬಾಗಿಲಲ್ಲೇ ತಡೆದರು. "ನಿನ್ನ ಕೆಲಸ ಚೆನ್ನಾಗಿದೆ ಬೆಳ್ಳಮ್ಮ. ಆದ್ರೆ ಶುಭಕ್ಕೆ ಹೊರಡೋ ಕಾರು. ತಪ್ಪು ತಿಳ್ಕೋಬೇಡ... ನಿನ್ನ ಕೈಲಿ..."

"ಅಮ್ಮಾವ್ರೆ, ನಿಮ್ ದೇವರ ಮನೇಲಿ ಎಷ್ಟು ಪಟ ಅವೆ?"

"ಆರು."

"ಆರಕ್ಕೂ ಗಾಜಾಕಿದ್ದು ಇದೇ ಕೈಯಿ. ಲಕ್ಷ್ಮೀದೇವಿ ಐದು ವರ್ಷದಿಂದ ನನ್ ಗಾಜಿನ ಹಿಂದೇನೇ ಕುಂತವ್ಳೆ, ಒಂದಿನ ಎದ್ದೋಗ್ಲಿಲ್ಲ. ನಿಮ್ ಕಾರು ಅವಳಿಗಿಂತ ಮಡಿಯಾ?"

ವಕೀಲರು ಕೆಮ್ಮಿದರು. ಮನೆಯವರ ಕಡೆ ತಿರುಗಿ, ಇದಕ್ಕೆ ತಮ್ಮ ಬಳಿ ವಾದವಿಲ್ಲ ಎಂದರು.

ಅಷ್ಟು ದಪ್ಪದ ಗಾಜು ಬೆಳ್ಳಮ್ಮನಿಗೆ ಸಿಕ್ಕುವುದು ಒಂದೇ ಕಡೆ, ಅಂಗಡಿಗೆ ಬಂದವರು ತಲೆ ಬಾಚಿಕೊಳ್ಳುತ್ತಿದ್ದ ಗಂಡನ ಕಾಲದ ನಿಲುಗನ್ನಡಿ. ಅದರ ಬೆನ್ನಿಗೆ ಬಳಿದ ರಸವನ್ನು ಎರಡು ದಿನ ಕೂತು ಕೆರೆದರು. ಕಾರಿನ ಚೌಕಟ್ಟಿನ ಮೇಲೆ ಹಳೆಯ ಪತ್ರಿಕೆ ಹರಡಿ ಅಳತೆ ತೆಗೆದರು. ಶನಿವಾರ ಬೆಳಗಿನ ಜಾವ ಗೋಣಿತಾಟಿನ ಮೇಲೆ ಕನ್ನಡಿ ಮಲಗಿತು. ಗೆರೆ ಓರೆಯಾದರೆ ಇನ್ನೊಂದು ಗಾಜಿಲ್ಲ. ಆಮೇಲೆ ಈ ಊರಿನಲ್ಲಿ ಅವರ ಕೈಗೆ ದೇವರ ಪಟವನ್ನಾದರೂ ಯಾರು ಕೊಡುತ್ತಾರೆ? ಸಿದ್ದರಾಮು ಕಣ್ಣು ಮುಚ್ಚಿಕೊಂಡು ನಿಂತಿದ್ದ.

"ಕಣ್ ಬುಡ್ಲಾ, ಆಯ್ತು."

"ಒಡೀತಾ ಅಕ್ಕ?"

"ಒಡೆದಿದ್ರೆ ಒಡೀತು ಅಂತಿರ್ಲಿಲ್ವೇನ್ಲಾ?"

ಪಟಕ್ಕೆ ಹಾಕುವಂತೆಯೇ ಸುತ್ತ ಉಣ್ಣೆಯ ಪಟ್ಟಿ ಕೊಟ್ಟು ಕೂರಿಸಿದರು. ಕೈ ಅಭ್ಯಾಸದಂತೆ ಚೌಕಟ್ಟಿಗೆ ಚಿನ್ನದ ಬಣ್ಣದ ಕಾಗದವನ್ನೂ ಅಂಟಿಸಿಬಿಟ್ಟರು. ಭಾನುವಾರ ಮದ್ದೂರಿನಲ್ಲಿ ಮೂವರು ಮುದುಕಿಯರು ಆ ಚೌಕಟ್ಟಿನೊಳಗಿದ್ದ ಸಿದ್ದರಾಮುವಿಗೆ ಕೈ ಮುಗಿದರಂತೆ. ಇದು ಸಿದ್ದರಾಮುವೇ ಹೇಳಿದ್ದು, ಮುದುಕಿಯರನ್ನು ನಾನು ವಿಚಾರಿಸಿಲ್ಲ. ಗಾಜಿನ ಮೂಲೆಯಲ್ಲಿ ಬೆರಳಗಲ ರಸ ಉಳಿದಿದೆ. ಬೆಳ್ಳಮ್ಮ ಕೆರೆಯುತ್ತೇನೆಂದರೆ ಅವನು ಬಿಡಲಿಲ್ಲ, ಮೀಸೆ ನೋಡಿಕೊಳ್ಳಲು ಬೇಕಂತೆ.

ಆ ಸಂಜೆ ಮಳವಳ್ಳಿಯಿಂದ ಮರಳಿದ ಕಾರು ನೇರ ಪಟದ ಅಂಗಡಿಯ ಮುಂದೆ ನಿಂತಿತು. ಕನಕಲಕ್ಷ್ಮಮ್ಮ ಕೆಳಗಿಳಿದು, ಬೀದಿಯೆಲ್ಲ ಕೇಳುವಂತೆ ಕೂಗಿದರು: "ಬೆಳ್ಳಮ್ಮಾ, ಒಡೀಲಿಲ್ಲ ಕಣೇ!"

ನಾನು ಹೊರಡುವ ಮುಂಚೆ, ಇನ್ನೇನಾದರೂ ಆಸೆಯಿದೆಯೇ ಎಂದು ಬೆಳ್ಳಮ್ಮನನ್ನು ಕೇಳುತ್ತೇನೆ. ಗೋಡೆಯಲ್ಲಿ ಕನ್ನಡಿಯಿದ್ದ ಜಾಗ ಬೆಳ್ಳಗಿದೆ. ಅದನ್ನು ನೋಡುತ್ತ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಇನ್ನೊಂದ್ ಕಾರಿನ ಗಾಜು ಒಡುದ್ರೆ ಮೊದ್ಲು ನನ್ನತ್ರ ಬರ್ಲಿ," ಎನ್ನುತ್ತಾರೆ. ನಾನು ಬರೆದುಕೊಳ್ಳುವುದನ್ನು ಕಂಡು ಗಾಬರಿಯಾಗುತ್ತಾರೆ. "ಸ್ವಾಮಿ, ಒಡೀಲಿ ಅಂತ ಬರ್ದೀರಾ! ಒಡುದ್ರೆ, ಅಂತ ಬರೀರಿ."

ಹಾಗೆಯೇ ಬರೆದಿದ್ದೇನೆ.