ಕೇಳುವವರಿಗೆ ಗೊತ್ತಿರಬಾರದು

ಆಗ ನನಗೆ ಅರವತ್ತೆಂಟು ವರ್ಷ. ಇದೆಲ್ಲ ನಡೆದು ಏಳು ವರ್ಷವಾಯಿತು. ಕೂಡಿ ನೋಡಿಕೊಳ್ಳಿ. ನನಗೆ ಲೆಕ್ಕ ಬರುತ್ತದೆ, ಬಾರದ್ದು ಓದು. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಬಿಡಿ ಅಕ್ಷರಗಳ ಗುರುತು ಹಿಡಿಯುತ್ತೇನೆ, ಸಹಿ ಮಾಡುತ್ತೇನೆ, ಗಿರಣಿಗೆ ಬಂದ ಡಬ್ಬಿಗಳ ಮೇಲೆ ಸೀಮೆಸುಣ್ಣದಿಂದ ಹೆಸರಿನ ಮೊದಲಕ್ಷರ ಬರೆಯುತ್ತೇನೆ. ಒತ್ತಕ್ಷರ ಎದುರಾದರೆ ಮಾತ್ರ, ಹಳ್ಳ ಕಂಡ ಎಮ್ಮೆಯ ಹಾಗೆ ಅಲ್ಲಿಯೇ ನಿಲ್ಲುತ್ತೇನೆ. ಕನ್ನಡದಲ್ಲಿ ಒತ್ತಕ್ಷರವಿಲ್ಲದ ಸಾಲು ಎಷ್ಟಿವೆ, ನೀವೇ ಹೇಳಿ. ಈ ಬರಹವನ್ನೂ ನಾನು ಹೇಳಿದ್ದೇನೆ, ಮೊಮ್ಮಗಳು ಗೌರಿ ಬರೆದುಕೊಂಡಿದ್ದಾಳೆ. ಪುಸ್ತಕದ ಭಾಷೆ ಅವಳದು. ನಡುವಿನ ಬೈಗುಳಗಳನ್ನು ತೆಗೆದವಳೂ ಅವಳೇ.

ನನಗೆ ಓದು ಬಾರದೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಶಿರಸಿ ಹತ್ತಿರದ ಎಕ್ಕಂಬಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ, ಗೋಡೆಯಾಚೆ ಮನೆ. ಗಂಡ ದಿನಾ ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ಬಾಕಿನ ಮೇಲೆ ಕುಳಿತು ಅರ್ಧ ತಾಸು ಪೇಪರ್ ಓದುತ್ತಿದ್ದ. ಅವನು ಹೋದ, ಪೇಪರ್ ಬರುವುದು ನಿಲ್ಲಲಿಲ್ಲ. ಬಾಕು ಖಾಲಿ ಬಿಡುವುದು ಸರಿ ಕಾಣಲಿಲ್ಲ. ನಾನೇ ಕನ್ನಡಕ ಏರಿಸಿ ಕುಳಿತೆ, ಹಾಳೆ ತಿರುವಿದೆ. ನೋಡಿದವರು ಓದುತ್ತಿದ್ದಾಳೆ ಎಂದುಕೊಂಡರು. ಅಲ್ಲ ಎಂದು ಸಾರಿಕೊಂಡು ಬರುವುದು ನನ್ನ ಕೆಲಸವೇ?

ಆಮೇಲೆ ಕಾಗದ ಪತ್ರ ಓದಿಸಲು ಜನ ಬರತೊಡಗಿದರು. ಎಲ್ಲರಿಗಿಂತ ಹೆಚ್ಚು ಬಂದವಳು ಎದುರು ಮನೆಯ ಫಕ್ಕೀರವ್ವ. ಲಗ್ನಪತ್ರಿಕೆ ಹಿಡಿದು ಬರುವಳು.

“ಗಂಗಕ್ಕಾ, ಏನ ಬರದಾರ ನೋಡ.”

ನಾನು ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ, “ಅಯ್ಯ, ಇದು ಅವರದಲ್ಲೇನ?” ಎನ್ನುವೆ.

“ಹೌದಲ್ಲ, ಚನ್ನಪ್ಪನ ಮಗಳದು!”

“ಯಾವತ್ತಂತ ಹೇಳಿದ್ರು ನಿನಗ?”

“ಬರೂ ಸ್ವಾಮಾರ.”

“ಇಲ್ಲೂ ಅದ ಐತಿ.”

ಫಕ್ಕೀರವ್ವ ಸಮಾಧಾನವಾಗಿ ಮನೆಗೆ ಹೋಗುವಳು. ಪೇಪರಿನಲ್ಲಿ ಪ್ರತಿ ಸೋಮವಾರ ಒಬ್ಬ ಮೀಸೆಯವನ ಚಿತ್ರ ಬರುತ್ತಿತ್ತು. “ಇಂವ ಯಾರ?” ಎಂದು ಒಮ್ಮೆ ಕೇಳಿದಳು. “ಮಂತ್ರಿ” ಎಂದೆ. “ಯಾವ ಖಾತಿ?” “ನೀರಾವರಿ.” ಅಂದಿನಿಂದ ಓಣಿಯ ನಲ್ಲಿಯಲ್ಲಿ ನೀರು ಬಾರದಿದ್ದರೆ ಫಕ್ಕೀರವ್ವ ಬೈಯುತ್ತಿದ್ದುದು ಆ ಮೀಸೆಯವನಿಗೆ.

ಈಗ ಗೌರಿಯ ಮಾತಿಗೆ ಬರುತ್ತೇನೆ. ಆಗ ಅವಳಿಗೆ ಒಂಬತ್ತು. ಮನೆಯಲ್ಲಿ ಬಾಯಿ ಮುಚ್ಚಿದ್ದೇ ಇಲ್ಲ, ಶಾಲೆಯಲ್ಲಿ ಬಾಯಿ ತೆರೆದದ್ದೇ ಇಲ್ಲ. ಬೆಳಿಗ್ಗೆ ಚೀಲ ಹೆಗಲಿಗೇರಿದೊಡನೆ ಹೊಟ್ಟೆನೋವು, ಚೀಲ ಇಳಿದೊಡನೆ ವಾಸಿ. ನನ್ನ ಸೊಸೆ ಶೈಲಾ ಹಾವೇರಿ ಕಡೆಯವಳು, ಬಿ.ಎಡ್. ಮಾಡಿದವಳು. “ಮನಿಯಾಗ ನಾನ ಕಲಸ್ತೇನ್ರಿ ಅತ್ತಿ” ಎಂದು ಮಗಳನ್ನು ಶಾಲೆಯಿಂದ ಬಿಡಿಸಿದಳು.

ಬಿಡಿಸಿದಳು ಎಂದರೆ, ಶಾಲೆಯನ್ನೇ ಮನೆಗೆ ತಂದಳು. ಗೋಡೆಗೆ ವೇಳಾಪಟ್ಟಿ ಬಂತು. ಸ್ಟೀಲು ಲೋಟಕ್ಕೆ ಚಮಚ ಬಡಿದು ಗಂಟೆ. ಒಂದೇ ಹುಡುಗಿಗೆ ದಿನಾ ಹಾಜರಿ: “ಗೌರಿ?” “ಹಾಜರ್ ಮಿಸ್.” ಹೆತ್ತ ತಾಯಿ ಹತ್ತರಿಂದ ನಾಲ್ಕರವರೆಗೆ ಮಿಸ್, ನಾಲ್ಕರ ನಂತರ ಮಮ್ಮಿ. ಮನೆಯಲ್ಲಿ ಕಲಿತದ್ದಕ್ಕೆ ಮನೆಗೆಲಸ ಕೊಟ್ಟು ಮನೆಯಲ್ಲಿಯೇ ಮಾಡಿಸುತ್ತಿದ್ದಳು. ಬಿಟ್ಟ ಸ್ಥಳ ತುಂಬು, ಹೊಂದಿಸಿ ಬರೆ. ಪರೀಕ್ಷೆಯ ದಿನ, ಒಬ್ಬಳೇ ಕುಳಿತ ಹುಡುಗಿ ಯಾರನ್ನು ನೋಡಿ ಬರೆಯುತ್ತಾಳೋ ಎಂದು ಸುತ್ತ ಅಡ್ಡಾಡಿ ಕಾಯುತ್ತಿದ್ದಳು. ವರ್ಷ ಕಳೆಯುವಷ್ಟರಲ್ಲಿ ಹೊಟ್ಟೆನೋವು ಮನೆಯಲ್ಲಿಯೂ ಶುರುವಾಯಿತು. ಇದಕ್ಕಿಂತ ಹುಬ್ಬಳ್ಳಿಯ ವಸತಿ ಶಾಲೆಯೇ ವಾಸಿ ಎಂದು ನನ್ನ ಮಗ ಮಹಾಂತೇಶ ಅರ್ಜಿ ತಂದಿಟ್ಟ. ನಾನೂ ಹೌದೆಂದೆ. ಸುಳ್ಳೇಕೆ ಹೇಳಲಿ, ಆಗ ನಾನು ಮಗನ ಕಡೆಯವಳು.

ಅರ್ಜಿ ಕಂಡ ಶೈಲಾ ಎರಡು ದಿನ ಅತ್ತಳು. ಮೂರನೆಯ ದಿನ ಯಲ್ಲಾಪುರದ ಬಸ್ಸು ಹತ್ತಿದಳು. ಅರಬೈಲ್ ಕಡೆ ಯಾರೋ ಒಬ್ಬಾಕೆ ತನ್ನ ಮೂರು ಮಕ್ಕಳಿಗೆ ಮನೆಯಲ್ಲಿಯೇ ಕಲಿಸುತ್ತಾಳಂತೆ. ಸಂಜೆ ಬಂದಾಗ ಸೊಸೆಯ ಕೈಯಲ್ಲಿ ಒಂದು ಚೀಲ ಕತೆ ಪುಸ್ತಕ. ಮುಖದಲ್ಲಿ ಮಾತ್ರ ತವರಿಗೆ ಹೋಗಿ ಬಂದ ಕಳೆ. ಬಂದವಳೇ ವೇಳಾಪಟ್ಟಿ ಕಿತ್ತಳು. ಲೋಟ ಲೋಟವಾಯಿತು, ಚಮಚ ಚಮಚವಾಯಿತು.

ಹೊಸ ಪದ್ಧತಿ ಹೀಗೆ. ಒಳ್ಳೆಯ ಕತೆ ಪುಸ್ತಕದಿಂದ ಕಾಲು ತಾಸು ಓದುವುದು. ಒಂದೇ ಸಲ, ಎರಡನೆಯ ಸಲ ಇಲ್ಲ. ಓದಿ ಮುಗಿಸಿ ಪುಸ್ತಕ ಮುಚ್ಚಿದ ಮೇಲೆ ಹುಡುಗಿ ಕೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು. ನಡುವೆ ತಿದ್ದಬಾರದು, ಪ್ರಶ್ನೆ ಹಾಕಬಾರದು, ಮಾರ್ಕಿಲ್ಲ. ಆಮೇಲೆ ಹೊರಗೆ ಅಡ್ಡಾಡಿ ಒಂದು ಎಲೆಯೋ ಹುಳವೋ ನೋಡಿ ಬಂದು ಚಿತ್ರ ತೆಗೆಯುವುದು.

“ಓದೂದು ಕಾಲ ತಾಸ, ತಿರಗೂದು ಎರಡ ತಾಸ. ಇದೇನ ಸಾಲಿಯೋ ಸಂತಿಯೋ?” ಎಂದೆ ನಾನು.

“ನೋಡೂಣ್ರಿ ಅತ್ತಿ” ಎಂದಳು. ಸೊಸೆ ಎದುರು ಮಾತನಾಡದಿದ್ದರೆ ಬೈಗುಳಕ್ಕೆ ರುಚಿಯಿರುವುದಿಲ್ಲ.

ಆದರೆ ಒಂದೇ ಸಲ ಓದುವುದು ಎಂಬ ಮಾತು ನನ್ನ ತಲೆಯಲ್ಲಿ ನಿಂತಿತು. ಜೋಳವನ್ನು ಒಂದೇ ಸಲ ಬೀಸಬೇಕು. ಇನ್ನೂ ನುಣ್ಣಗೆ ಬೇಕೆಂದು ಎರಡನೆಯ ಸಲ ಹಾಕಿಸುವವರು ಇದ್ದಾರೆ. ಹಿಟ್ಟು ಕಾದು ಜಿಗಿ ಹೋಗುತ್ತದೆ, ರೊಟ್ಟಿ ತಟ್ಟುವಾಗ ಅಂಚು ಬಿರಿಯುತ್ತದೆ, ಬೈಗುಳ ಮಾತ್ರ ಗಿರಣಿಯವಳಿಗೆ. ಯಲ್ಲಾಪುರದ ಆ ಹೆಂಗಸಿಗೆ ಹಿಟ್ಟಿನ ಮರ್ಮ ಗೊತ್ತಿರಬೇಕು ಅನ್ನಿಸಿತು.

ಕೇಳಿದ್ದನ್ನು ಹೇಳುವುದೂ ನನಗೆ ಹೊಸದಲ್ಲ. ಚಿಕ್ಕವಳಿದ್ದಾಗ ಶ್ರಾವಣದಲ್ಲಿ ಮಠದ ಪುರಾಣಕ್ಕೆ ಹೋಗುತ್ತಿದ್ದೆ. ಸೊಂಟ ಮುರಿದು ಮಲಗಿದ್ದ ನನ್ನ ಅಜ್ಜಿ ಕಾದಿರುತ್ತಿದ್ದಳು. “ಇವತ್ತ ಎಲ್ಲೀ ತನಕ ಬಂತು?” ನಾನು ಹೇಳದಿದ್ದರೆ ಅವಳಿಗೆ ಪುರಾಣವೇ ಇಲ್ಲ. ಹಾಗಾಗಿ ಒಂದು ಮಾತೂ ಬಿಡದಂತೆ ಹೊತ್ತು ತರುತ್ತಿದ್ದೆ. ಶಾಲೆಯಲ್ಲಿ ನನಗೆ ಒಂದು ಪದ್ಯ ಬಾಯಿಪಾಠವಾಗಲಿಲ್ಲ, ಆ ಪುರಾಣ ಈಗಲೂ ಹೇಳಬಲ್ಲೆ.

ಗೌರಿ ಮಾತ್ರ ಹೇಳಲೇ ಇಲ್ಲ. ತಾಯಿ ಓದುವಾಗ ಕಣ್ಣು ಅರಳಿಸಿ ಕೇಳುವಳು. ಪುಸ್ತಕ ಮುಚ್ಚಿ “ಈಗ ನೀ ಹೇಳವಾ” ಎಂದರೆ ಬಾಯಿ ಬೀಗ. ಬಹಳ ದಿನದ ಮೇಲೆ ಒಮ್ಮೆ ಕಾರಣ ಹೇಳಿದಳು. “ಈಗರ ನೀನ ಓದೀದಿ. ನಿನಗ ಗೊತ್ತೈತಿ. ಮತ್ಯಾಕ ಹೇಳ್ಲಿ?”

“ನಾ ಮರತೇನಿ ಅಂತ ತಿಳಕೋ” ಎಂದಳು ಶೈಲಾ.

“ಮರತಿಲ್ಲ ನೀ.”

ಗಿರಣಿಯ ಕಡೆ ಕುಳಿತು ಕೇಳುತ್ತಿದ್ದ ನನಗೆ ಹುಡುಗಿಯದೇ ಸರಿ ಅನ್ನಿಸಿತು. ಗೊತ್ತಿದ್ದೂ ಕೇಳುವವರು ಲೋಕದಲ್ಲಿ ಇಬ್ಬರೇ, ಮಾಸ್ತರರು ಮತ್ತು ಪೊಲೀಸರು. ಇಬ್ಬರ ಮುಂದೆಯೂ ಯಾರೂ ಸಲೀಸಾಗಿ ಬಾಯಿ ಬಿಡುವುದಿಲ್ಲ.

ನನ್ನ ಕೇಳುವ ಚಟ ಶುರುವಾದದ್ದೂ ಹೀಗೆ ಗೋಡೆಯ ಈಚೆ ಕುಳಿತೇ. ಕರೆಂಟು ಹೋದಾಗ ಗಿರಣಿ ನಿಲ್ಲುತ್ತದೆ, ಗೋಡೆಯಾಚೆ ಶೈಲಾ ಓದುವುದು ಕೇಳುತ್ತದೆ. ಆಗ ಓದುತ್ತಿದ್ದುದು ದೋಣಿ ದಾಟಿಸುವ ಒಬ್ಬ ಮುದುಕನ ಕತೆ. ಅವನದೊಂದು ಹೆಬ್ಬಾತು. ಅದು ದಿನಾ ಬೆಳಿಗ್ಗೆ ದಂಡೆಗೆ ಬಂದು ಕೂಗಿ ಜನರನ್ನು ಕರೆಯುತ್ತದೆ, ಆಮೇಲೆ ದೋಣಿಯ ಮೂತಿಯಲ್ಲಿ ಯಜಮಾನನಂತೆ ಕೂರುತ್ತದೆ. ಅಷ್ಟರಲ್ಲಿ ಹೊಳೆಗೆ ಸೇತುವೆ ಕಟ್ಟಲು ಶುರುಮಾಡಿದರು. ಕಂಬ ಎದ್ದವು, ಸೇತುವೆ ಮುಗಿಯಿತು. ಶನಿವಾರ ಶೈಲಾ ಮುಂದಿನ ಪಾಠ ಓದುವ ಹೊತ್ತಿಗೆ ಹಾಳು ಕರೆಂಟು ಇತ್ತು. ಗಿರಣಿಯ ಸದ್ದಿನಲ್ಲಿ ಒಂದಕ್ಷರ ಕೇಳಲಿಲ್ಲ.

ಮರುದಿನ ಭಾನುವಾರ ಮಹಾಂತೇಶ ಅರ್ಜಿ ಹಿಡಿದು ಗಿರಣಿಗೇ ಬಂದ. ಸೋಮವಾರ ಅದನ್ನು ಕೊಡಲು ಕೊನೆಯ ದಿನ. ಗೌರಿ ಡಬ್ಬಿಯ ಮೇಲೆ ಕುಳಿತಿದ್ದಳು. ಶೈಲಾ ಬಾಗಿಲಲ್ಲಿ ನಿಂತಿದ್ದಳು. ಫಕ್ಕೀರವ್ವ ಜೋಳ ತಂದಿದ್ದಳು.

“ನಿನ್ನೆ ಓದಿದ ಕತಿ ಹೇಳವಾ ಗೌರಿ” ಎಂದ ಮಗ. “ಹೇಳಿದ್ರ ಈ ಅರ್ಜಿ ಇಲ್ಲೇ ಹರೀತೇನಿ. ಇಲ್ಲಾಂದ್ರ ನಾಳಿ ಕೊಟ್ಟ ಬರ್ತೇನಿ.”

ಗೌರಿ ನೆಲ ನೋಡಿದಳು. “ನೀ ಕೇಳಾಕ ಬಂದಿಲ್ಲ ಪಪ್ಪಾ, ನನ್ನ ತಪಾಸ ಮಾಡಾಕ ಬಂದೀದಿ” ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. ಶೈಲಾ ಗೋಡೆಗೆ ತಿರುಗಿದಳು. ಆಗಲೇ ಕರೆಂಟು ಹೋಯಿತು. ಕಲ್ಲು ಗರಗರ ಎಂದು ತಿರುಗಿ ನಿಂತಿತು.

ನಾನು ಕೇಳಿದೆ: “ಗೌರಿ, ಸೇತುವಿ ಆದ ಮ್ಯಾಲೆ ಆ ಬಾತು ಏನಾತು?”

ಅವಳು ನನ್ನನ್ನು ಸಿಟ್ಟಿನಿಂದ ನೋಡಿದಳು. “ನೀ ದಿನಾ ಅರ್ಧಾ ತಾಸ ಪೇಪರ್ ಓದ್ತಿ ಅಜ್ಜಿ. ಪುಸ್ತಕ ಒಳಗೈತಿ. ನೀನ ಓದ್ಕೋ.”

ಮೊಮ್ಮಗಳ ಮೇಲಿನ ಮಮತೆಯಿಂದ ಮುಂದಿನ ಮಾತು ಹೇಳಿದೆ ಎಂದು ಯಾರೂ ತಿಳಿಯುವುದು ಬೇಡ. ನನಗೆ ಬಾತಿನ ಚಿಂತೆಯಿತ್ತು. ಆದರೂ ಮೊದಲು ಸುತ್ತ ನೋಡಿದೆ. ಮಗನಿದ್ದಾನೆ, ಸೊಸೆಯಿದ್ದಾಳೆ. ಅವರಿಬ್ಬರೂ ಹೋಗಲಿ, ಫಕ್ಕೀರವ್ವ ಇದ್ದಾಳೆ. ಅವಳಿಗೆ ತಿಳಿದದ್ದು ಊಟದ ಹೊತ್ತಿಗೆ ಬನವಾಸಿ ಮುಟ್ಟುತ್ತದೆ. ಹದಿನಾರು ವರ್ಷ ಹಾಕಿದ ಕನ್ನಡಕ ಅದು.

“ನನಗ ಓದಾಕ ಬರಂಗಿಲ್ಲ” ಎಂದೆ.

“ಸುಳ್ಳ.”

“ಸುಳ್ಳಲ್ಲ. ಪೇಪರ್ ಬರೇ ತಿರವ್ತೇನಿ. ಒತ್ತಕ್ಷರ ಒಂದೂ ತಿಳಿಯಂಗಿಲ್ಲ. ನಿನ್ನೆ ಗಿರಣಿ ಸಪ್ಪಳದಾಗ ನಿಮ್ಮವ್ವ ಓದಿದ್ದ ಕೇಳ್ಲಿಲ್ಲ. ನೀ ಹೇಳಿದ್ರ ನನಗ ಬಾತು ಸಿಗ್ತೈತಿ, ಇಲ್ಲಾಂದ್ರ ಇಲ್ಲ.”

ಫಕ್ಕೀರವ್ವ ಬಾಯಿ ತೆರೆದಳು. “ಗಂಗಕ್ಕಾ! ಮತ್ತ ನನ್ನ ಲಗ್ನಪತ್ರಿಕಿ?”

“ಎಲ್ಲಾನೂ ನೀನ ಹೇಳೀದಿ. ಸುಮ್ಮನ ಕುಂಡ್ರು.”

ಗೌರಿ ನನ್ನ ಮುಖವನ್ನು ನೋಡಿದಳು, ಅಂಗಡಿಯವ ಹರಿದ ನೋಟು ನೋಡುವಂತೆ. ಆಮೇಲೆ ಡಬ್ಬಿಯಿಂದ ಇಳಿದು ನನ್ನ ಎದುರಿಗೆ ಬಂದು ಕುಳಿತಳು.

“ಸೇತುವಿ ಚಾಲೂ ಆತು ನೋಡ ಅಜ್ಜಿ. ಮೊದಲನೇ ದಿನ ದೋಣಿಗೆ ಒಬ್ರೂ ಬರ್ಲಿಲ್ಲ. ಬಾತು ಮಧ್ಯಾಹ್ನದ ಮಟಾ ದಂಡಿ ಮ್ಯಾಲೆ ನಿಂತು ಕೂಗೇ ಕೂಗ್ತು. ಮುದುಕಗ ಬ್ಯಾಸರ ಆತು, ದೋಣ್ಯಾಗ ಮಕ್ಕೊಂಡ. ಆವಾಗ ಬಾತು ಏನ ಮಾಡ್ತು ಹೇಳು?”

“ಗೊತ್ತಿಲ್ಲ.”

ಆ ಗೊತ್ತಿಲ್ಲ ಕೇಳಿ ಅವಳಿಗಾದ ಸಂತೋಷವನ್ನು ನೀವು ನೋಡಬೇಕಿತ್ತು.

“ಸೇತುವಿ ಹತ್ತಿ ನಟ್ಟನಡುವ ನಿಂತ್ತು! ಲಾರಿ ಬಂತು, ಹಾರ್ನ್ ಹೊಡೀತು. ಇದು ಅದಕ್ಕಿಂತ ಜೋರ ಕೂಗ್ತು. ಹಿಂದ ಬಸ್ಸ ನಿಂತ್ತು. ಜನಾ ಎಲ್ಲಾ ಇಳದು ನಗಾಕ ಹತ್ತಿದ್ರು. ಬಾತು ತಿರುಗಿ ಠೀವಿಲೆ ದಂಡಿಗೆ ನಡೀತು, ಬರ್ರಿ ಬರ್ರಿ ಅನ್ನೂ ಹಂಗ. ಒಬ್ಬಾಕಿ ಮುದುಕಿ ಅಂದ್ಲು, ಹೆಂಗೂ ಇಳದೇವಿ, ದೋಣ್ಯಾಗ ಹೋಗೂಣು ನಡೀರಿ ಅಂತ. ಮುದುಕಗ ಎಬ್ಬಿಸಿ ಎಲ್ಲಾರೂ ದೋಣಿ ಹತ್ತಿದ್ರು. ಖಾಲಿ ಬಸ್ಸು ಸೇತುವಿ ದಾಟಿ, ಆಚಿ ದಂಡ್ಯಾಗ ಇವರ ದಾರೀ ಕಾಯ್ಕೋತ ನಿಂತಿತ್ತು.”

“ಆ ಮುದುಕಿ ಶಾಣ್ಯಾಕಿ” ಎಂದಳು ಫಕ್ಕೀರವ್ವ.

“ದಿನಾ ಹಿಂಗ ಬಸ್ಸ ತಡೀತೈತೇನ ಅದು?” ಎಂದೆ.

“ಮುಂದಿಂದು ಮಮ್ಮಿ ಇನ್ನೂ ಓದಿಲ್ಲ. ನಾಳಿ ಹೇಳ್ತೇನಿ.”

ಅರ್ಜಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಮಗ ಯಾವಾಗ ಬೀಸುವುದನ್ನು ಬಿಟ್ಟನೋ ತಿಳಿಯದು. ಅರ್ಜಿ ಕೆಳಗೆ ಬಿದ್ದಿತ್ತು, ಅದರ ಮೇಲೆ ಫಕ್ಕೀರವ್ವನ ಜೋಳದ ಡಬ್ಬಿ ಕುಳಿತಿತ್ತು. ಹರಿಯುತ್ತೇನೆ ಎಂದವನು ಹರಿಯಲಿಲ್ಲ, ತೆಗೆದುಕೊಳ್ಳಲೂ ಇಲ್ಲ. “ಯವ್ವಾ, ನಮ್ಮಪ್ಪಗ ಗೊತ್ತಿತ್ತೇನ?” ಎಂದಷ್ಟೇ ಕೇಳಿದ. ಗೊತ್ತಿತ್ತು. ಅದಕ್ಕೇ ಅವನು ಬದುಕಿರುವ ತನಕ ಪೇಪರನ್ನು ಜೋರಾಗಿ ಓದುತ್ತಿದ್ದದ್ದು. ಶೈಲಾ ಒಳಗೆ ಹೋಗಿ ಚಹಾ ತಂದಳು, ಮೊದಲ ಕಪ್ಪು ನನಗೆ ಕೊಟ್ಟಳು. ಯಾವಾಗಲೂ ನನ್ನ ಮಗನಿಗೆ ಮೊದಲು ಕೊಡುವವಳು.

ಓದಲು ಬಂದಿದ್ದರೆ ನಾನು ಎಷ್ಟೋ ಜನರನ್ನು ಮಾತನಾಡಿಸುತ್ತಲೇ ಇರಲಿಲ್ಲ. ಹಾಗೆಂದು ಓದಬೇಡಿ ಎನ್ನುತ್ತಿಲ್ಲ. ಓದಿ. ಆದರೆ ಮಕ್ಕಳ ಮುಂದೆ ಎಲ್ಲವನ್ನೂ ಓದಿ ಮುಗಿಸಿದವರಂತೆ ಕೂರಬೇಡಿ.

ಮರುದಿನ ಸೋಮವಾರ. ಬೆಳಿಗ್ಗೆ ಪೇಪರ್ ಬಂತು. ಬಾಕಿನ ಮೇಲೆ ಕುಳಿತೆ, ಕನ್ನಡಕ ಏರಿಸಲಿಲ್ಲ. ಗೌರಿಯನ್ನು ಕರೆದು ಮೀಸೆಯವನ ಚಿತ್ರದ ಮೇಲೆ ಬೆರಳಿಟ್ಟು, “ಇಂವ ಯಾರು ಓದಿ ಹೇಳು” ಎಂದೆ.

“ಮೂಲವ್ಯಾಧಿ ಡಾಕ್ಟರ್ ಅಜ್ಜಿ. ಸೋಮವಾರಕ್ಕೊಮ್ಮೆ ಶಿರಸಿಗೆ ಬರ್ತಾನಂತ.”

ಇಷ್ಟು ವರ್ಷ ನೀರಿಗಾಗಿ ಬೈಸಿಕೊಂಡ ಆ ಪುಣ್ಯಾತ್ಮನ ಮುಖವನ್ನು ಇನ್ನೊಮ್ಮೆ ನೋಡಿದೆ. ಆಮೇಲೆ ಎದ್ದು, ಪೇಪರನ್ನು ಗಿರಣಿಯ ಬಾಯಿಯ ಕೆಳಗೆ ಹಿಟ್ಟು ಚೆಲ್ಲುವ ಜಾಗದಲ್ಲಿ ಸರಿಯಾಗಿ ಹಾಸಿ, ಫಕ್ಕೀರವ್ವನ ಜೋಳ ಸುರುವಿದೆ.